ಭಾರವೆಲ್ಲ ನಡುವಿಗೆ

1897ರ ಜೂನ್ 14ರಂದು ಅಮೆರಿಕದ ಮೊಂಟಾನಾ ರಾಜ್ಯದ ಫೋರ್ಟ್ ಮಿಸೌಲಾದಿಂದ ಇಪ್ಪತ್ತು ಮಂದಿ ಕಪ್ಪು ಸೈನಿಕರು ಸೈಕಲ್ ಏರಿ ಹೊರಟರು. ಮುಂದಾಳು ಲೆಫ್ಟಿನೆಂಟ್ ಜೇಮ್ಸ್ ಮಾಸ್; ಸೇರಬೇಕಾದ ಊರು ಮೂರು ಸಾವಿರ ಕಿಲೋಮೀಟರ್ ಆಚೆಯ ಸೇಂಟ್ ಲೂಯಿಸ್. ಸೈನ್ಯದಲ್ಲಿ ಕುದುರೆಯ ಕೆಲಸವನ್ನು ಸೈಕಲ್ ಮಾಡೀತೇ ಎಂದು ನೋಡುವುದು ಉದ್ದೇಶ. ಕಂಬಳಿ ಮತ್ತು ಟೆಂಟಿನ ಬಟ್ಟೆಯನ್ನು ಸುರುಳಿ ಸುತ್ತಿ ಹ್ಯಾಂಡಲಿಗೆ ಬಿಗಿದಿದ್ದರು. ಫ್ರೇಮಿನ ನಡುವೆ ಗಟ್ಟಿ ಚರ್ಮದ ಪೆಟ್ಟಿಗೆ. ಸಾಮಾನು ಸೇರಿ ಒಂದೊಂದು ಸೈಕಲ್ಲಿನ ತೂಕ ಸುಮಾರು 27 ಕಿಲೋ. ಕೆಸರು, ಮಳೆ, ಬಿಸಿಲು ಎಲ್ಲವನ್ನೂ ದಾಟಿ 41ನೇ ದಿನ ಊರು ಮುಟ್ಟಿದರು.

ಸಾಮಾನನ್ನು ಸೈಕಲ್ಲಿಗೇ ಕಟ್ಟಿಕೊಂಡು ದೂರ ಸಾಗುವ ಇಂದಿನ ಬೈಕ್‌ಪ್ಯಾಕಿಂಗ್‌ನಲ್ಲಿ ಚೀಲಗಳ ಜಾಗವೂ ಹೆಚ್ಚುಕಡಿಮೆ ಅದೇ. ಬದಲಾದದ್ದು ಚರ್ಮದ ಬದಲು ನೈಲಾನ್, ಕಂಬಳಿಯ ಬದಲು ಹಕ್ಕಿಯ ಮೃದುಪುಕ್ಕ ತುಂಬಿದ ಸ್ಲೀಪಿಂಗ್ ಬ್ಯಾಗ್.

ನಮ್ಮ ಹಳ್ಳಿಗಳಲ್ಲಿ ಎಳನೀರಿನ ಗೊನೆಗಳನ್ನು ಕ್ಯಾರಿಯರಿನ ಎರಡೂ ಬದಿಗೆ ಇಳಿಬಿಟ್ಟುಕೊಂಡು ಸಾಗುವ ಸೈಕಲ್ಲಿನ ಹಾಗೆ, ದೂರ ಪಯಣಿಗರೂ ಹಿಂದೆ ಎರಡು ಜೋಳಿಗೆ ತೂಗುಹಾಕುತ್ತಿದ್ದರು. ಡಾಂಬರು ರಸ್ತೆಗೆ ಈಗಲೂ ಅದೇ ಚೆನ್ನ. ಗುಡ್ಡದ ಕಾಲುಹಾದಿಯಲ್ಲಿ ಮಾತ್ರ ಜೋಳಿಗೆ ಪೊದೆಗೆ ಸಿಕ್ಕಿಕೊಳ್ಳುತ್ತದೆ, ಇಳಿದು ತಳ್ಳುವಾಗ ಮೀನಖಂಡಕ್ಕೆ ಬಡಿಯುತ್ತದೆ, ಕಲ್ಲಿನ ಕುಲುಕಾಟಕ್ಕೆ ಕ್ಯಾರಿಯರಿನ ಬೋಲ್ಟುಗಳು ಸಡಿಲಾಗುತ್ತವೆ. ಹಾಗಾಗಿ ಸಾಮಾನು ಸೈಕಲ್ಲಿನ ಅಗಲಕ್ಕೆ ಹೊರಚಾಚದೆ ಅದರ ಉದ್ದಕ್ಕೆ ಹರಡಿಕೊಂಡಿತು.

ಒಟ್ಟು ತೂಕಕ್ಕಿಂತ ತೂಕ ಎಲ್ಲಿ ಕೂತಿದೆ ಎಂಬುದು ದೊಡ್ಡದು. ನೀರು, ಹತ್ಯಾರ, ಅಕ್ಕಿ ಬೇಳೆಯಂಥ ಭಾರವೆಲ್ಲ ಪೆಡಲಿನ ಮೇಲುಗಡೆ, ಫ್ರೇಮಿನ ತ್ರಿಕೋನದೊಳಗಿನ ಚೀಲಕ್ಕೆ. ಅಲ್ಲಿದ್ದರೆ ಸವಾರನಿಗೆ ಅದು ಇದೆಯೆನ್ನುವುದೇ ಮರೆತುಹೋಗುತ್ತದೆ. ಅದೇ ಎರಡು ಕಿಲೋ ಸೀಟಿನ ಹಿಂದಿನ ಚೀಲದ ತುದಿಗೆ ಹೋದರೆ ಪ್ರತಿ ತುಳಿತಕ್ಕೂ ಬಾಲ ಆಡಿಸುತ್ತದೆ. ಹ್ಯಾಂಡಲಿಗೆ ಹೋದರೆ ತಿರುವಿನಲ್ಲಿ ಸೈಕಲ್ ಮಾತು ಕೇಳುವುದಿಲ್ಲ. ಸೀಟಿನ ಚೀಲಕ್ಕೆ ಬಟ್ಟೆ ಮತ್ತು ಸ್ಲೀಪಿಂಗ್ ಬ್ಯಾಗ್, ಮುಂದಿನ ಸುರುಳಿಗೆ ಟೆಂಟು ಮತ್ತು ಚಾಪೆ. ಟೆಂಟಿನ ಕೋಲುಗಳು ಉದ್ದವಾಗಿದ್ದರೆ ಹ್ಯಾಂಡಲಿನ ಅಗಲಕ್ಕೆ ಹೊಂದುವುದಿಲ್ಲವೆಂದು, ಮಡಚಿದರೆ 30 ಸೆಂಟಿಮೀಟರಿಗೆ ಇಳಿಯುವ ಕೋಲುಗಳಿರುವ ಟೆಂಟುಗಳೇ ಬಂದಿವೆ.

ಅಂಗಡಿಯವರು ಎಷ್ಟೋ ಸಲ ಹೇಳದ ಒಂದು ಪರೀಕ್ಷೆಯಿದೆ. ಸಸ್ಪೆನ್ಷನ್ ಫೋರ್ಕಿನ ಗಾಳಿ ಇಳಿಸಿ ಸೈಕಲ್ಲನ್ನು ಕೆಳಕ್ಕೆ ಪೂರ್ತಿ ಅದುಮಿ ನೋಡಬೇಕು. ಮುಂದಿನ ಸುರುಳಿ ಚಕ್ರಕ್ಕೆ ತಾಗಿದರೆ, ಗುಂಡಿಗೆ ಬಿದ್ದ ಕ್ಷಣ ಚಕ್ರ ಹಿಡಿದುಕೊಂಡು ಸವಾರ ಮುಂದಕ್ಕೆ ಹಾರುತ್ತಾನೆ. ಹಿಂದೆಯೂ ಸಸ್ಪೆನ್ಷನ್ ಇರುವ ಸೈಕಲ್ಲಾದರೆ ಸೀಟಿನ ಚೀಲಕ್ಕೂ ಇದೇ ಪರೀಕ್ಷೆ. ಚೀಲದ ಪಟ್ಟಿ ಉಜ್ಜುವ ಕಡೆ ಫ್ರೇಮಿಗೆ ಟೇಪು ಸುತ್ತಿರಬೇಕು. ಪಟ್ಟಿಯಡಿ ಕೆಸರು ಸೇರಿದರೆ ಬಣ್ಣ ಕೆಲವೇ ದಿನದಲ್ಲಿ ಕಿತ್ತುಬರುತ್ತದೆ.

ಕೆನಡಾದ ಬ್ಯಾನ್ಫ್‌ನಿಂದ ಮೆಕ್ಸಿಕೊ ಗಡಿಯ ಆಂಟೆಲೋಪ್ ವೆಲ್ಸ್‌ವರೆಗೆ, ರಾಕಿ ಪರ್ವತಗಳ ಬೆನ್ನೇರಿ ಸಾಗುವ ಗ್ರೇಟ್ ಡಿವೈಡ್ ಮಾರ್ಗ ಸುಮಾರು 4,400 ಕಿಲೋಮೀಟರ್. 2008ರಿಂದ ಅಲ್ಲಿ ಟೂರ್ ಡಿವೈಡ್ ಎಂಬ ಓಟ ನಡೆಯುತ್ತದೆ. ಹೊರಗಿನ ನೆರವು ಪಡೆಯುವಂತಿಲ್ಲ, ಎಲ್ಲರಿಗೂ ತೆರೆದಿರುವ ಅಂಗಡಿಯಲ್ಲಿ ಕೊಳ್ಳಬಹುದು. 2016ರಲ್ಲಿ ಬ್ರಿಟನ್ನಿನ ಮೈಕ್ ಹಾಲ್ ಹದಿನಾಲ್ಕು ದಿನ ತುಂಬುವ ಮೊದಲೇ ಮುಗಿಸಿದರು. ಇಂಥ ಓಟಗಾರರಲ್ಲಿ ಹಲವರು ಟೆಂಟು, ಒಲೆ ಎರಡನ್ನೂ ಬಿಟ್ಟು, ದೇಹದಷ್ಟೇ ಅಗಲದ ಹೊರಚೀಲದೊಳಗೆ ನುಗ್ಗಿ ಕೆಲವೇ ಗಂಟೆ ಮಲಗುತ್ತಾರೆ. ಅವರ ಸಾಮಾನಿನ ಪಟ್ಟಿಯನ್ನು ನಕಲು ಮಾಡುವ ರಜಾದಿನದ ಸವಾರರು ರಾತ್ರಿಯೆಲ್ಲ ನಡುಗುತ್ತಾರೆ, ಅಷ್ಟೆ. ಒಂದು ಕಿಲೋ ಟೆಂಟು, ಮುಕ್ಕಾಲು ಕಿಲೋ ಸ್ಲೀಪಿಂಗ್ ಬ್ಯಾಗ್, ಅರ್ಧ ಕಿಲೋದೊಳಗಿನ ಗಾಳಿ ಚಾಪೆ: ನೆಮ್ಮದಿಯ ನಿದ್ದೆಗೆ ಎರಡೂಕಾಲು ಕಿಲೋ ದುಬಾರಿಯಲ್ಲ. ಪುಕ್ಕ ಒದ್ದೆಯಾದರೆ ಬಿಸುಪು ಹೋದಂತೆಯೇ. ಅದಕ್ಕೆ ನೀರು ನುಗ್ಗದ ಚೀಲ ಕಡ್ಡಾಯ.

ಮಾರ್ಗ ಬದಲಾದಂತೆ ಸಾಮಾನಿನ ಲೆಕ್ಕವೂ ಬದಲಾಗುತ್ತದೆ. ಇದೇ ಗ್ರೇಟ್ ಡಿವೈಡ್ ಹಾದಿಯಲ್ಲಿ ಸಿಗುವ ವಯೋಮಿಂಗ್ ರಾಜ್ಯದ ಗ್ರೇಟ್ ಡಿವೈಡ್ ಬೇಸಿನ್‌ನಲ್ಲಿ ಬಿದ್ದ ಮಳೆ ಯಾವ ಸಮುದ್ರಕ್ಕೂ ಹರಿಯುವುದಿಲ್ಲ. ಆ ಒಣ ನೆಲದಲ್ಲಿ ಬೇರೇನನ್ನು ಬಿಟ್ಟರೂ ನೀರನ್ನು ಕಡಿಮೆ ಮಾಡುವಂತಿಲ್ಲ. ಮೊಂಟಾನಾದ ಕಾಡಿನಲ್ಲಿ ಕರಡಿ. ಅಲ್ಲಿ ತಿಂಡಿಯನ್ನು ಟೆಂಟಿನೊಳಗಾಗಲಿ ಸೈಕಲ್ಲಿನಲ್ಲಾಗಲಿ ಬಿಟ್ಟು ಮಲಗುವಂತಿಲ್ಲ. ದೂರದ ಮರಕ್ಕೆ ಎತ್ತರದಲ್ಲಿ ತೂಗುಹಾಕಬೇಕು. ಆದ್ದರಿಂದ ಬಲ್ಲವರು ತಿಂಡಿಯನ್ನು ನಾಲ್ಕು ಕಡೆ ಹಂಚಿಡದೆ, ಒಂದೇ ಕೈಗೆ ಬಿಚ್ಚಿಬರುವ ಒಂದೇ ಚೀಲದಲ್ಲಿ ತುಂಬುತ್ತಾರೆ. ಟೂತ್‌ಪೇಸ್ಟೂ ಅದರಲ್ಲೇ, ಕರಡಿಗೆ ಅದೂ ತಿಂಡಿಯೇ.