ತೆರೆಯ ಮೇಲಿನ ಇಸ್ಪೀಟು: ಕಂಡದ್ದೆಷ್ಟು, ಮರೆಯಾದದ್ದೆಷ್ಟು?

ದೀವಳಿಗೆಯ ಪಾಡ್ಯ ಕಳೆಯಿತೆಂದರೆ ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ಈ ನಾಲ್ಕೂ ತಾಲೂಕುಗಳ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಅಖಾಡಗಳು ಸಿದ್ಧವಾಗುತ್ತವೆ. ಕೊರಳಿಗೆ ಒಣಕೊಬ್ಬರಿಯ ಹಾರ, ಕೋಡಿಗೆ ಬಲೂನು ರಿಬ್ಬನ್ನುಗಳ ಸಿಂಗಾರ ಹೊತ್ತು ಹೋರಿ ಓಡಿ ಬರುವದು. ಅದರ ಕೊಬ್ಬರಿ ಹರಿಯಲು ತರುಣರು ಮುನ್ನುಗ್ಗುವರು. ಬೆಳಗಿನಿಂದ ಬೈಗಿನವರೆಗೆ ನಡೆಯುವ ಈ ಆಟವನ್ನು ಮೊಬೈಲಿನ ಹತ್ತು ನಿಮಿಷದ ಚಿತ್ರವಾಗಿ ಇಳಿಸಿ ಹರಡುವ ಪದ್ಧತಿ ಈಗ ಬಿದ್ದಿದೆ. ಆ ಹತ್ತು ನಿಮಿಷದಲ್ಲಿ ಕಾಣುವವು ಯಾರ ಕೈಗೂ ಸಿಗದೆ ಪಾರಾದ ಹೋರಿಗಳೇ. ಕೊಬ್ಬರಿ ಕಳೆದುಕೊಂಡ ಹೋರಿ, ಓಡಲೊಲ್ಲದೆ ನಿಂತ ಹೋರಿ, ಬಿದ್ದು ಕೈಕಾಲು ಮುರಿದುಕೊಂಡ ತರುಣ, ಇವರಾರೂ ಅಲ್ಲಿ ಕಾಣುವದಿಲ್ಲ. ಆದರೂ ನಮ್ಮ ಭಾಗದವರು ಆ ಚಿತ್ರದಿಂದ ಮೋಸಹೋಗುವದಿಲ್ಲ. ಏಕೆಂದರೆ ಅವರು ಇಡೀ ದಿನ ಬಿಸಿಲಿನಲ್ಲಿ ಬೇಲಿಯ ಪಕ್ಕಕ್ಕೆ ನಿಂತು ನೋಡಿದವರು. ಚಿತ್ರದಲ್ಲಿಲ್ಲದ್ದನ್ನು ಅವರ ನೆನಪೇ ತುಂಬಿಕೊಡುತ್ತದೆ.

ತಾವು ಎಂದೂ ಹೋಗದ ಅಖಾಡದ ಚಿತ್ರವನ್ನು ಇದೇ ಜನರು ನೋಡಿದಾಗ ಏನಾಗುವದು? ದೂರದರ್ಶನದಲ್ಲಿಯೂ ಮೊಬೈಲಿನಲ್ಲಿಯೂ ತೋರಿಸಲಾಗುವ ಪೋಕರ್ ಎಂಬ ಇಸ್ಪೀಟಿನಾಟದ ವಿಷಯವಾಗಿ ಇಂದು ನಾವು ಬರೆಯಹೊರಟಿರುವದು ಈ ಪ್ರಶ್ನೆಯಿಂದಲೇ. ಈ ಚಿತ್ರಗಳನ್ನು ಜನರಿಗೆ ತಪ್ಪು ತಿಳಿವಳಿಕೆ ಉಂಟಾಗುವಂತೆ ಕತ್ತರಿಸಿ ಜೋಡಿಸಲಾಗುತ್ತದೆಂಬ ಆಕ್ಷೇಪಣೆ ಬಹು ದಿನಗಳಿಂದ ಇದೆ. ಅದು ನಿಜವೇ? ನಿಜವಾದರೆ ಎಷ್ಟು ಮಟ್ಟಿಗೆ? ಸಾವಧಾನವಾಗಿ ವಿಚಾರಿಸೋಣ.

ಮೊದಲು ಈ ಬಿತ್ತರದ ಹುಟ್ಟು. ಪೋಕರಿನಲ್ಲಿ ಆಟಗಾರನ ಕೈಯೊಳಗಿನ ಎಲೆಗಳು ಇತರರಿಗೆ ಕಾಣುವಂತಿಲ್ಲ. ಆದುದರಿಂದ ಬಹುಕಾಲ ಈ ಆಟ ನೋಡುವವರಿಗೆ ಬೇಸರದ ವಸ್ತುವಾಗಿತ್ತು. ಪೋಲಂಡಿನಲ್ಲಿ ಹುಟ್ಟಿ, ನಾಝಿಗಳ ಸೆರೆಶಿಬಿರಗಳಿಂದ ಬದುಕಿ ಬಂದು, ಅಮೇರಿಕೆಯಲ್ಲಿ ಆಟಿಕೆಗಳ ಉದ್ಯಮಿಯಾದ ಹೆನ್ರಿ ಓರೆನ್‌ಸ್ಟೀನ್ ಎಂಬವರು 1995ರಲ್ಲಿ ಒಂದು ಹಂಚಿಕೆಗೆ ಪೇಟೆಂಟು ಪಡೆದರು. ಮೇಜಿಗೆ ಕ್ಯಾಮರಾಗಳನ್ನು ಅಳವಡಿಸಿ, ಆಟಗಾರನ ಗುಪ್ತ ಎಲೆಗಳನ್ನು ಪ್ರೇಕ್ಷಕನಿಗೆ ಮಾತ್ರ ತೋರಿಸುವದೇ ಆ ಹಂಚಿಕೆ. 1999ರಲ್ಲಿ ಬ್ರಿಟನ್ನಿನ ಚಾನೆಲ್ 4ರ ಒಂದು ಕಾರ್ಯಕ್ರಮದಲ್ಲಿ ಮೇಜಿನ ಕೆಳಗಿನ ಕ್ಯಾಮರಾ ಬಳಕೆಗೆ ಬಂತು. 2003ರಲ್ಲಿ ಅಮೇರಿಕೆಯ ವಾಹಿನಿಗಳು ಅದನ್ನು ಮನೆಮನೆಗೆ ಮುಟ್ಟಿಸಿದವು. ಆ ವರ್ಷ ಲಾಸ್ ವೇಗಾಸಿನ ಜಾಗತಿಕ ಪಂದ್ಯದ ಮುಖ್ಯ ಸ್ಪರ್ಧೆಯನ್ನು ಕ್ರಿಸ್ ಮನಿಮೇಕರ್ ಎಂಬ ಲೆಕ್ಕಪತ್ರದ ನೌಕರ ಗೆದ್ದು 25 ಲಕ್ಷ ಡಾಲರ್ ಪಡೆದ. ಅವನು ಆ ಪಂದ್ಯವನ್ನು ಪ್ರವೇಶಿಸಿದ್ದು ಅಂತರ್ಜಾಲದಲ್ಲಿ 86 ಡಾಲರ್ ಕಟ್ಟಿ ಆಡಿದ ಒಂದು ಚಿಕ್ಕ ಪಂದ್ಯದಿಂದ. ಈ ಕಥೆ ಮತ್ತೆ ಮತ್ತೆ ಬಿತ್ತರವಾಯಿತು.

ಅದರ ಪರಿಣಾಮವನ್ನು ಅಂಕೆಗಳೇ ಹೇಳುವವು. ಅದೇ ಪಂದ್ಯಕ್ಕೆ 2003ರಲ್ಲಿ 839 ಜನ ಸೇರಿದ್ದರು, 2004ರಲ್ಲಿ 2,576, 2005ರಲ್ಲಿ 5,619, 2006ರಲ್ಲಿ 8,773. ಅಂತರ್ಜಾಲದ ಜೂಜಿನ ಹಣ ಸಾಗಾಟಕ್ಕೆ ಅಮೇರಿಕೆಯ ಸರಕಾರವು 2006ರ ಅಕ್ಟೋಬರದಲ್ಲಿ ಕಾಯದೆಯಿಂದ ತಡೆ ಹಾಕಿದ ಮೇಲೆ, 2007ರಲ್ಲಿ ಈ ಸಂಖ್ಯೆ 6,358ಕ್ಕೆ ಇಳಿಯಿತು. ಚಿತ್ರ ಕರೆಯಿತು, ಅಂತರ್ಜಾಲ ಬಾಗಿಲು ತೆರೆಯಿತು. ಇವೆರಡೂ ಕೂಡಿಯೇ ಜನರನ್ನು ಎಳೆದವು.

ಇನ್ನು ಕತ್ತರಿಯ ಕೆಲಸ. ಪೋಕರಿನ ಹೆಚ್ಚು ಬಳಕೆಯ ಬಗೆಯಲ್ಲಿ ಒಬ್ಬೊಬ್ಬನಿಗೆ ಎರಡು ಗುಪ್ತ ಎಲೆಗಳು ಬರುವವು. ಐದು ಎಲೆಗಳು ಎಲ್ಲರಿಗೂ ಸಾಮಾನ್ಯ. 52 ಎಲೆಗಳಿಂದ ಎರಡೆರಡರ 1,326 ಜೋಡಿಗಳಾಗುವವು. ಅವುಗಳಲ್ಲಿ ಎರಡೂ ಎಕ್ಕಗಳಾಗುವ ಜೋಡಿಗಳು 6. ಅಂದರೆ 221 ಸುತ್ತಿಗೆ ಒಮ್ಮೆ ಈ ಭಾಗ್ಯ. ಮೇಜಿನ ಮೇಲೆ ತಾಸಿಗೆ 25-30 ಸುತ್ತು ಹಂಚಲಾಗುವದೆಂದು ಹಿಡಿದರೆ, ಏಳೆಂಟು ತಾಸು ಕುಳಿತವನಿಗೆ ಸರಾಸರಿಯಿಂದ ಒಂದು ಬಾರಿ ಎಕ್ಕದ ಜೋಡಿ ಬಂದೀತು. ತುಂಬಿದ ಮೇಜಿನಲ್ಲಿ ಕುಳಿತ ಪಳಗಿದ ಆಟಗಾರನು ಹತ್ತರಲ್ಲಿ ಏಳೆಂಟು ಸುತ್ತುಗಳಲ್ಲಿ ಹಣ ಹೂಡದೆ ಎಲೆ ಕೆಳಗಿಡುತ್ತಾನೆ. ಅಂತೂ ನಿಜವಾದ ಆಟವೆಂದರೆ ಬಹುಪಾಲು ಕಾಯುವದು, ಒಗೆಯುವದು, ಮತ್ತೆ ಕಾಯುವದು.

ಸಂಕಲಿತ ಬಿತ್ತರದಲ್ಲಿ ಇದು ಎಲ್ಲಿದೆ? ದಿನಗಟ್ಟಲೆ ನಡೆದ ಪಂದ್ಯವನ್ನು ತಾಸಿನ ಕಂತುಗಳಿಗೆ ಇಳಿಸುವಾಗ ಉಳಿಯುವವು ಎರಡು ಜೋಡಿಗಳು ಡಿಕ್ಕಿ ಹೊಡೆದ ಸುತ್ತುಗಳು, ಇದ್ದ ಹಣವನ್ನೆಲ್ಲ ಒಮ್ಮೆಲೆ ನೂಕಿದ ಸುತ್ತುಗಳು, ಕೊನೆಯ ಎಲೆ ಬಿದ್ದು ಸೋಲು ಗೆಲುವಾದ ಸುತ್ತುಗಳು. ಬರಿಗೈಯಲ್ಲಿದ್ದವನು ಹುಸಿ ಬೆದರಿಕೆ ಹಾಕಿ ಗೆದ್ದದ್ದು ನೂರು ಸಲ ಮರುಪ್ರಸಾರವಾಗುವದು; ಅದೇ ಹುಸಿ ಬೆದರಿಕೆಯಿಂದ ಮೊದಲ ದಿನವೇ ಮನೆಗೆ ಹೋದವರ ಸುದ್ದಿಯಿಲ್ಲ. ಅರ್ಧ ಗಂಟೆಯಲ್ಲಿ ಹತ್ತು ದೊಡ್ಡ ಕೈಗಳನ್ನು ಕಂಡ ಪ್ರೇಕ್ಷಕನು ಆಟವೇ ಹೀಗೆಂದು ತಿಳಿದರೆ ಅವನದೇನು ತಪ್ಪು?

ಇದಲ್ಲದೆ ಇನ್ನೆರಡು ಕೈಚಳಕಗಳುಂಟು. ಆ ವರ್ಷಗಳ ಹೆಸರಾದ ಬಿತ್ತರಗಳಲ್ಲಿ ವೀಕ್ಷಕ ವಿವರಣೆಯನ್ನು ಆಟದ ಹೊತ್ತಿನಲ್ಲಿ ಹೇಳುತ್ತಿರಲಿಲ್ಲ. ಆಟ ಮುಗಿದ ಮೇಲೆ ಧ್ವನಿಮುದ್ರಣ ಮಾಡುತ್ತಿದ್ದರು. ಫಲ ಗೊತ್ತಿದ್ದವನು ಗೊತ್ತಿಲ್ಲದವನಂತೆ ಬೆರಗುಪಟ್ಟು ಮಾತಾಡುತ್ತಿದ್ದನು. ಎರಡನೆಯದು, ತೆರೆಯ ಮೂಲೆಯಲ್ಲಿ ಕಾಣುವ ನೂರಂಶದ ಲೆಕ್ಕ. ಒಬ್ಬನಲ್ಲಿ ಎಕ್ಕದ ಜೋಡಿ, ಇನ್ನೊಬ್ಬನಲ್ಲಿ ರಾಜನ ಜೋಡಿ ಇದ್ದರೆ ಮೊದಲಿನವನ ಗೆಲುವು ನೂರಕ್ಕೆ 80ಕ್ಕೂ ಮಿಕ್ಕಿ ಎಂದು ತೆರೆ ತೋರಿಸುತ್ತದೆ. ಲೆಕ್ಕ ಸರಿಯೇ. ಆದರೆ ಅದು ಇಬ್ಬರ ಎಲೆಗಳನ್ನೂ ಕಂಡವನ ಲೆಕ್ಕ. ಮೇಜಿನ ಮುಂದೆ ಕುಳಿತವನಿಗೆ ಅದು ಗೊತ್ತಿಲ್ಲ. ಎರಡೂ ಕೈ ಕಂಡವನಿಗೆ ಯಾವ ಆಟ ತಾನೆ ಕಠಿಣ? ಹೀಗೆ ಜಾಣತನವನ್ನು ಎರವಲು ಪಡೆದ ಪ್ರೇಕ್ಷಕನು, ನಾಳೆ ತಾನೇ ಆಡಲು ಕುಳಿತಾಗ ಆ ಜಾಣತನ ತನ್ನಲ್ಲಿದೆಯೆಂದು ಭ್ರಮಿಸುತ್ತಾನೆ.

ನ್ಯಾಯವಾಗಿ ಹೇಳಬೇಕಾದರೆ ಬಿತ್ತರದವರ ಪಕ್ಷದಲ್ಲಿಯೂ ಮಾತಿದೆ. ಅವರು ಎಲೆ ಬದಲಿಸುವದಿಲ್ಲ, ಸೋತವನನ್ನು ಗೆದ್ದನೆನ್ನುವದಿಲ್ಲ. ಹತ್ತು ತಾಸಿನ ಆಟವನ್ನು ಯಾರೂ ನೋಡಲಾರರು. 2011ರಿಂದ ಈಚೆಗೆ ಕೆಲವು ಪಂದ್ಯಗಳನ್ನು ಕೆಲ ನಿಮಿಷಗಳ ತಡದಿಂದ ಇಡಿಯಾಗಿ ತೋರಿಸುವದೂ ಉಂಟು. ಕ್ರಿಕೆಟಿನ ಮುಖ್ಯ ಘಟನೆಗಳನ್ನಷ್ಟೇ ತೋರಿಸುವದಿಲ್ಲವೇ ಎಂದು ಅವರು ಕೇಳಬಹುದು. ಅಷ್ಟೇ ಏಕೆ, ವರ್ತಮಾನಪತ್ರದವರಾದ ನಾವೂ ಕತ್ತರಿ ಹಿಡಿದವರೇ. ನಾಲ್ಕು ತಾಸಿನ ಭಾಷಣವನ್ನು ನಾಲ್ಕು ಸಾಲಿಗೆ ಇಳಿಸುವವರೇ. ಆದುದರಿಂದ ಕತ್ತರಿಸುವದೇ ಅಪರಾಧವೆಂದು ನಾವು ಹೇಳಲಾರೆವು.

ಆದರೆ ಭೇದವಿದೆ. ಕ್ರಿಕೆಟಿನ ತುಣುಕು ನೋಡಿದವನು ಮರುದಿನ ಮನೆಯ ಹಣ ಹಿಡಿದು ಬ್ಯಾಟು ಬೀಸಲು ಹೋಗುವದಿಲ್ಲ. ಪೋಕರಿನ ತುಣುಕಿಗೂ ಪಣ ಕಟ್ಟುವ ಮೇಜಿಗೂ ನಡುವಿನ ಅಂತರ ಮೊಬೈಲಿನ ಮೇಲೆ ಒಂದು ಬೆರಳಿನಷ್ಟು. ಎಲ್ಲಿ ನೋಡುವವನನ್ನೇ ಆಡುವವನನ್ನಾಗಿ ಮಾಡುವ ಉದ್ದೇಶವಿದೆಯೋ, ಅಲ್ಲಿ ಬಿಟ್ಟ ಭಾಗದ ಲೆಕ್ಕ ಕೊಡುವ ಹೊಣೆಯೂ ಇದೆ.

ಈಗ ವಾದದ ತಿರುಳಿಗೆ ಬರೋಣ. ಈ ಆಟದ ವ್ಯಾಪಾರಿಗಳ ದೊಡ್ಡ ಆಧಾರವೆಂದರೆ ಇದು ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂಬ ಮಾತು. ಆ ಮಾತಿಗೆ ನಮ್ಮ ನಾಡಿನ ಕಾಯದೆಯಲ್ಲಿ ಹಳೆಯ ಬೇರು ಇದೆ. ಹಾನಗಲ್ಲ, ಅಂದಿನ ಬಂಕಾಪುರ ಮತ್ತು ಕೋಡ ತಾಲೂಕುಗಳು ಮುಂಬಯಿ ಇಲಾಖೆಯಲ್ಲಿದ್ದಾಗ, ಸವಣೂರು ಇನ್ನೂ ನವಾಬರ ಸಂಸ್ಥಾನವಾಗಿದ್ದಾಗ, 1887ರ ಮುಂಬಯಿ ಜುಗಾರ ಪ್ರತಿಬಂಧಕ ಕಾಯದೆಯು ಕೇವಲ ಕೌಶಲದ ಆಟಗಳನ್ನು ನಿಷೇಧದಿಂದ ಹೊರಗಿಟ್ಟಿತ್ತು. 1963ರ ಕರ್ನಾಟಕ ಪೋಲೀಸ ಕಾಯದೆಯಲ್ಲಿಯೂ ಆ ವಿನಾಯಿತಿ ಮುಂದುವರಿಯಿತು. ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ಹೇಳಿತು. ಪೋಕರು ಅದೃಷ್ಟದ ಆಟವೆಂದು ಗುಜರಾತದ ಉಚ್ಚ ನ್ಯಾಯಾಲಯವು 2017ರಲ್ಲಿ ತೀರ್ಪಿತ್ತಿತು. ಅಂತರ್ಜಾಲದ ಪಣದಾಟಗಳನ್ನು ತಡೆಯಲು ನಮ್ಮ ರಾಜ್ಯವು 2021ರಲ್ಲಿ ಮಾಡಿದ ತಿದ್ದುಪಡಿಯ ಮುಖ್ಯ ಕಲಮುಗಳನ್ನು ಕರ್ನಾಟಕದ ಉಚ್ಚ ನ್ಯಾಯಾಲಯವು 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. ಕೌಶಲದ ಆಟಕ್ಕೂ ಜೂಜಿಗೂ ಇರುವ ಭೇದವೇ ಅಲ್ಲಿಯೂ ಮುಖ್ಯ ಪ್ರಶ್ನೆಯಾಗಿತ್ತು.

ಪೋಕರಿನಲ್ಲಿ ಕೌಶಲವಿದೆಯೆಂಬದನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಆ ಕೌಶಲದ ಬಹುಭಾಗ ಇರುವದು ಎಲ್ಲಿ? ಒಗೆಯುವದರಲ್ಲಿ. ಆಸೆ ಹುಟ್ಟಿಸುವ ಎಲೆಯನ್ನು ಬಿಡುವದರಲ್ಲಿ, ಸೋತ ಹಣದ ಬೆನ್ನು ಹತ್ತದಿರುವದರಲ್ಲಿ, ಬೇಸರವನ್ನು ಸಹಿಸುವದರಲ್ಲಿ. ಸಂಕಲನದ ಕತ್ತರಿ ಮೊದಲು ಕತ್ತರಿಸುವದು ಇದನ್ನೇ. ಹೆಸರಿಗೆ ಕೌಶಲದ ಆಟ. ತೆರೆಯ ಮೇಲೆ ಉಳಿಯುವದು ಕೌಶಲವನ್ನು ತೆಗೆದು ಬಿಸಾಡಿದ ಮೇಲಿನ ಅದೃಷ್ಟ. ನ್ಯಾಯಾಲಯದ ಮುಂದೆ ಒಂದು ಆಟ, ಜನರ ಮುಂದೆ ಇನ್ನೊಂದು ಆಟ! ಬಿತ್ತರವು ದಾರಿತಪ್ಪಿಸುವದೇ ಎಂಬ ಪ್ರಶ್ನೆಗೆ ನಮ್ಮ ಉತ್ತರವಿದು: ತೋರಿಸಿದ್ದು ಸುಳ್ಳಲ್ಲ, ತೋರಿಸಿದ ಪ್ರಮಾಣ ಸುಳ್ಳು.

ಸೋತವರ ಲೆಕ್ಕವೂ ಹೀಗೆಯೇ. 2003ರ ಆ 839 ಜನರಲ್ಲಿ ಹಣ ದೊರೆತದ್ದು 63 ಜನರಿಗೆ. ಉಳಿದ 776 ಜನರು ಬರಿಗೈಯಲ್ಲಿ ಹಿಂದಿರುಗಿದರು. ಗೆದ್ದವನೊಬ್ಬನ ಹೆಸರು ಜಗತ್ತಿಗೆ ಗೊತ್ತು. ಹಣ ಪಣವಿಟ್ಟ ಮೇಜುಗಳಲ್ಲಿ ಮನೆಯವನು ಪಣದಿಂದ ತನ್ನ ಪಾಲು ಎತ್ತಿಕೊಳ್ಳುವದನ್ನೂ ತೆರೆ ಒತ್ತಿ ಹೇಳುವದಿಲ್ಲ. ಆಡುವವರೊಳಗೆ ಹಣ ಹುಟ್ಟುವದಿಲ್ಲ, ಕೈ ಬದಲಾಗುವದಷ್ಟೇ. ಮೇಜಿನವನ ಪಾಲು ಹೋದ ಮೇಲೆ ಆಡಿದವರೆಲ್ಲರ ಒಟ್ಟು ಲೆಕ್ಕ ನಷ್ಟವೇ.

ಈ ಮಾತು ನಮ್ಮ ಜಿಲ್ಹೆಗೆ ದೂರದ್ದಲ್ಲ. ಅಂದರ್-ಬಾಹರ್, ಓ.ಸಿ., ಒಂದಂಕಿ ಲಾಟರಿ ಇವೆಲ್ಲವನ್ನೂ ನಮ್ಮ ಊರುಗಳು ಕಂಡಿವೆ. 2007ರಲ್ಲಿ ರಾಜ್ಯವು ಲಾಟರಿಯನ್ನು ನಿಷೇಧಿಸಿತು. ಅನಂತರ ಬಂದದ್ದು ಮೊಬೈಲಿನ ಪಣ. ಮೆಕ್ಕೆಜೋಳ, ಹತ್ತಿ ಮಾರಿದ ಹಣ ಬ್ಯಾಂಕಿನ ಖಾತೆಗೆ ಬಂದ ರಾತ್ರಿಯೇ, ಯಾರ ಕಣ್ಣಿಗೂ ಬೀಳದೆ, ಹಾಸಿಗೆಯಲ್ಲಿ ಮಲಗಿದಲ್ಲಿಂದಲೇ ಹೊರಟುಹೋಗುವ ದಾರಿ ತೆರೆಯಿತು. ಅಂತರ್ಜಾಲದ ಹಣದಾಟಗಳಿಂದ ದೇಶದ ಸುಮಾರು 45 ಕೋಟಿ ಜನರಿಗೆ ಹಾನಿಯಾಗಿ 20,000 ಕೋಟಿ ರೂಪಾಯಿಗೂ ಹೆಚ್ಚು ನಷ್ಟವಾಯಿತೆಂದು ಕೇಂದ್ರ ಸರಕಾರವೇ 2025ರಲ್ಲಿ ಅಂದಾಜು ಹೇಳಿತು. ಆ ವರ್ಷದ ಅಗಸ್ಟ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಹೊಸ ಕಾಯದೆಯು ಕೌಶಲ-ಅದೃಷ್ಟಗಳ ಭೇದವೆಣಿಸದೆ ಅಂತರ್ಜಾಲದ ಹಣದಾಟಗಳನ್ನೆಲ್ಲ ನಿಷೇಧಿಸಿದೆ. ಆಡಿಸಿದವನಿಗೆ ಮೂರು ವರ್ಷದವರೆಗೆ ಸೆರೆ ಅಥವಾ ಒಂದು ಕೋಟಿಯವರೆಗೆ ದಂಡ. ಜಾಹೀರಾತು ಮಾಡಿದವನಿಗೆ ಎರಡು ವರ್ಷ ಅಥವಾ 50 ಲಕ್ಷ. ಇಲ್ಲವೆ ಸೆರೆ ದಂಡಗಳೆರಡೂ. ದೊಡ್ಡ ಕಂಪನಿಗಳು ಅದೇ ತಿಂಗಳಲ್ಲಿ ಹಣದಾಟ ನಿಲ್ಲಿಸಿದವು. ಕಾಯದೆಯನ್ನು ಪ್ರಶ್ನಿಸಿದ ಅರ್ಜಿಗಳು ಸರ್ವೋಚ್ಚ ನ್ಯಾಯಾಲಯದವರೆಗೂ ಹೋದವು.

ಆದರೆ ಹಳೆಯ ಬಿತ್ತರಗಳ ಕತ್ತರಿಸಿದ ತುಣುಕುಗಳು ಮೊಬೈಲಿನಲ್ಲಿ ಈಗಲೂ ತಿರುಗುತ್ತಿವೆ. ಅವುಗಳ ಹಣೆಯ ಮೇಲೆ ಜಾಹೀರಾತೆಂದು ಬರೆದಿಲ್ಲ. ಬರೆಯದಿರುವದೇ ಅವುಗಳ ಬಲ. ಅಂಗಡಿ ಮುಚ್ಚಿಸಿದ ಮಾತ್ರಕ್ಕೆ ಅದರ ಆಸೆ ಅಳಿಯುವದಿಲ್ಲ. ಬೆಳಕಿನ ಅಂಗಡಿ ಇಲ್ಲವಾದರೆ ಆಸೆಯುಳ್ಳವನು ಕತ್ತಲೆಯ ಅಂಗಡಿಯನ್ನು ಹುಡುಕಿಯಾನು. ಆದುದರಿಂದ ಬಿತ್ತರ ಮಾಡುವವರಿಂದ ನಾವು ಮೂರು ಅಂಕೆಗಳನ್ನು ಬೇಡುತ್ತೇವೆ. ಆಡಿದ ಸುತ್ತುಗಳೆಷ್ಟು, ತೋರಿಸಿದವೆಷ್ಟು? ಸೇರಿದ ಜನರೆಷ್ಟು, ಬರಿಗೈಯಲ್ಲಿ ಹೋದವರೆಷ್ಟು? ಮೇಜಿನವನು ಎತ್ತಿಕೊಂಡದ್ದೆಷ್ಟು? ಔಷಧದ ಶೀಸೆಯ ಮೇಲೆ ಅದರೊಳಗೇನಿದೆಯೆಂದು ಬರೆಸುವ ಸರಕಾರಕ್ಕೆ ಈ ಮೂರು ಸಾಲುಗಳನ್ನು ಬರೆಸುವದು ಅಸಾಧ್ಯವಲ್ಲ. ಊರಿನ ಶಾಲೆಗಳ ಗಣಿತದ ಮಾಸ್ತರರೂ 1,326ರಲ್ಲಿ 6 ಎಂಬ ಲೆಕ್ಕವನ್ನು ಹಲಗೆಯ ಮೇಲೆ ಒಂದು ಸಾರೆ ಬಿಡಿಸಿ ತೋರಿಸಲಿ. ಹತ್ತು ಉಪದೇಶಗಳಿಗಿಂತ ಅದು ಹೆಚ್ಚು ನಾಟೀತು.

ಜೂಜಿನ ಕಥೆಯನ್ನು ಜನರ ಮುಂದೆ ಹೇಗೆ ಇಡಬೇಕೆಂಬದು ನಮ್ಮ ನಾಡಿಗೆ ಹೊಸ ವಿದ್ಯೆಯಲ್ಲ. ಗದುಗಿನ ಭಾರತದ ದ್ಯೂತ ಪ್ರಸಂಗವನ್ನು ನಮ್ಮ ಹಳ್ಳಿಗಳು ತಲೆತಲಾಂತರದಿಂದ ಕೇಳಿಕೊಂಡು ಬಂದಿವೆ. ಕುಮಾರವ್ಯಾಸನು ಅಲ್ಲಿ ಸೋಲನ್ನು ಕತ್ತರಿಸಲಿಲ್ಲ. ಒಡ್ಡವೊಡ್ಡವಾಗಿ, ಧನ ಹೋಗಿ, ರಾಜ್ಯ ಹೋಗಿ, ತಮ್ಮಂದಿರು ಹೋಗಿ, ಕೊನೆಗೆ ಹೆಂಡತಿ ಹೋಗುವವರೆಗೆ, ಧರ್ಮರಾಯನ ಸೋಲನ್ನು ಕೇಳುಗನು ಪೂರ್ತಿ ಕೇಳಲೇಬೇಕು. ಆದುದರಿಂದಲೇ ಅದನ್ನು ಕೇಳಿ ಎದ್ದವನ ಕೈ ದಾಳದ ಕಡೆಗೆ ಹೋಗುವದಿಲ್ಲ. ಇಂದಿನ ತೆರೆಯವರು ಅಷ್ಟು ಮಾಡಬೇಕೆಂದು ನಾವು ಕೇಳುವದಿಲ್ಲ. ಗೆದ್ದವನ ನಗೆಯ ಪಕ್ಕದಲ್ಲಿ ಸೋತವರ ಎಣಿಕೆಯನ್ನಾದರೂ ಇಡಲಿ. ಉಳಿದದ್ದನ್ನು ನಮ್ಮ ಜನ ತಾವೇ ತಿಳಿದುಕೊಂಡಾರು. ಅಖಾಡದ ಬೇಲಿಯ ಪಕ್ಕಕ್ಕೆ ನಿಂತು ಇಡೀ ದಿನದ ಹೋರಿಗಳನ್ನು ಎಣಿಸಿದವರಿಗೆ ಆ ಬುದ್ಧಿಯೇನೂ ಕಡಿಮೆಯಿಲ್ಲ.