ದ್ವೀಪಕ್ಕೆ ಬದಲಾಗಿ ದಂಡು: ಶ್ರೀರಂಗಪಟ್ಟಣ, ಗಂಜಾಂ ಮತ್ತು ನಗರಾಡಳಿತದ ಒಂದು ವಿನಿಮಯ

1881ರ ಮಾರ್ಚ್ ತಿಂಗಳಿನಲ್ಲಿ ಬ್ರಿಟಿಷ್ ಸರ್ಕಾರವು ಐವತ್ತು ವರ್ಷಗಳ ನೇರ ಆಡಳಿತದ ನಂತರ ಮೈಸೂರು ಸಂಸ್ಥಾನವನ್ನು ಚಾಮರಾಜೇಂದ್ರ ಒಡೆಯರಿಗೆ ಮರಳಿ ಒಪ್ಪಿಸಿತು. ಈ ಘಟನೆ ಶಾಲಾ ಪಠ್ಯಗಳಲ್ಲಿಯೂ ಬರುತ್ತದೆ. ಆದರೆ ಅದೇ ಸಂದರ್ಭದಲ್ಲಿ ನಡೆದ ಇನ್ನೊಂದು ವ್ಯವಹಾರ ವರ್ತಕ ಸಮುದಾಯಕ್ಕೆ ಹೆಚ್ಚು ಕುತೂಹಲಕರವಾದುದು. ಬೆಂಗಳೂರಿನ ದಂಡು ಪ್ರದೇಶವನ್ನು ಬ್ರಿಟಿಷರು ತಮ್ಮ ಅಧೀನದಲ್ಲಿಯೇ ಉಳಿಸಿಕೊಂಡರು. ಅದಕ್ಕೆ ಪ್ರತಿಯಾಗಿ ತಮ್ಮ ಒಡೆತನದಲ್ಲಿದ್ದ ಶ್ರೀರಂಗಪಟ್ಟಣ ದ್ವೀಪವನ್ನು ಸಂಸ್ಥಾನಕ್ಕೆ ಬಿಟ್ಟುಕೊಟ್ಟರು. ಒಂದು ಊರಿಗೆ ಬದಲಾಗಿ ಇನ್ನೊಂದು ಊರು. ಎರಡೂ ಕಡೆಯ ಅಂಗಡಿಕಾರರನ್ನಾಗಲೀ ಕುಶಲಕರ್ಮಿಗಳನ್ನಾಗಲೀ ಯಾರೂ ಕೇಳಲಿಲ್ಲ.

ಈ ವಿನಿಮಯದ ಬೆಲೆಯನ್ನು ತಿಳಿಯಬೇಕಾದರೆ 1901ರ ಜನಗಣತಿಯನ್ನು ನೋಡಬೇಕು. ಆ ವರ್ಷ ಬೆಂಗಳೂರು ದಂಡು ಪ್ರದೇಶದ ಜನಸಂಖ್ಯೆ 89,599. ಶ್ರೀರಂಗಪಟ್ಟಣದ್ದು 8,584. ಹತ್ತಕ್ಕೆ ಒಂದು ಎಂಬ ಈ ಲೆಕ್ಕ ಒಂದು ಶತಮಾನದ ಹಿಂದೆ ಸಂಪೂರ್ಣವಾಗಿ ತಲೆಕೆಳಗಾಗಿತ್ತು.

ಕೋಟೆ ಮತ್ತು ಪೇಟೆ

ಕಾವೇರಿಯ ಎರಡು ಕವಲುಗಳ ನಡುವೆ ಸುಮಾರು ಐದು ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ಈ ದ್ವೀಪದಲ್ಲಿ ಊರು ಬೆಳೆದದ್ದು ರಂಗನಾಥಸ್ವಾಮಿ ದೇವಾಲಯದ ಸುತ್ತ. ಕೋಟೆಯನ್ನು 1454ರಲ್ಲಿ ಕಟ್ಟಿಸಿದವನು ನಾಗಮಂಗಲದ ತಿಮ್ಮಣ್ಣ ದಂಡನಾಯಕನೆಂಬುದು ಪ್ರಸಿದ್ಧ. ಇಂದು ತಾಲ್ಲೂಕು ಕೇಂದ್ರವಾಗಿ ಉಳಿದಿರುವ ನಾಗಮಂಗಲ, ಒಂದು ಕಾಲದಲ್ಲಿ ಶ್ರೀರಂಗಪಟ್ಟಣಕ್ಕೇ ಕೋಟೆ ಕಟ್ಟಿಸಿಕೊಟ್ಟಿತು ಎಂಬುದನ್ನು ಆ ಊರಿನವರೂ ಮರೆತಂತಿದೆ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಕೋಟೆಯನ್ನು ವಶಪಡಿಸಿಕೊಂಡ ಮೇಲೆ 1799ರವರೆಗೆ ಇದೇ ಮೈಸೂರು ರಾಜ್ಯದ ರಾಜಧಾನಿ.

ಕೋಟೆಯೊಳಗೆ ಅರಮನೆ, ದೇವಾಲಯ, ಮಸೀದಿ, ಸೇನೆ, ಅಧಿಕಾರಿಗಳು. ವ್ಯಾಪಾರಕ್ಕೂ ಕಸುಬಿಗೂ ಬೇರೆ ಜಾಗ ಬೇಕಾಗಿತ್ತು. ದ್ವೀಪದ ಪೂರ್ವ ಭಾಗದಲ್ಲಿ ಟಿಪ್ಪು ಸುಲ್ತಾನ ನೆಲೆಗೊಳಿಸಿದ ಶಹರ್ ಗಂಜಾಂ ಇಂಥ ಪೇಟೆ. ಅದನ್ನು ತುಂಬಿಸಲು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಕರೆತರಲಾಯಿತೆಂದು ಬ್ರಿಟಿಷರ ಕಾಲದ ಗೆಜೆಟಿಯರು ದಾಖಲಿಸುತ್ತದೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇದ್ದರೂ ಇರಬಹುದು. ಮೊಗಲರ ಕಾಲದಲ್ಲಿ ಒಂದು ಪ್ರಾಂತ್ಯದ ರಾಜಧಾನಿಯಾಗಿದ್ದ ಶಿರಾ ಸೊರಗಿ, ಗಂಜಾಂ ಎದ್ದಿತೆಂಬುದರಲ್ಲಿ ಮಾತ್ರ ಸಂಶಯವಿಲ್ಲ. ರಾಜಾಜ್ಞೆಯಿಂದ ಹುಟ್ಟಿದ ಪೇಟೆಗೆ ರಾಜನೇ ಗಿರಾಕಿ, ರಾಜನೇ ಸುಂಕದವನು, ರಾಜನೇ ರಕ್ಷಕ. ಅಂಥ ಪೇಟೆಯ ಭಾಗ್ಯ ಅರಮನೆಯ ಭಾಗ್ಯದೊಂದಿಗೇ ಕಟ್ಟಿಹಾಕಿಕೊಂಡಿರುತ್ತದೆ.

1799ರ ಮೇ 4ರಂದು ಕೋಟೆ ಬಿದ್ದಿತು. ಆ ರಾತ್ರಿ ನಡೆದ ಲೂಟಿಯಲ್ಲಿ ಅರಮನೆಯ ಖಜಾನೆಯಷ್ಟೇ ಅಲ್ಲದೆ ಸಾಮಾನ್ಯ ವರ್ತಕರ ಮನೆಗಳೂ ಬರಿದಾದವು. ಬಳಿಕ ನಗರದ ಅಧಿಕಾರ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂ ಕದನದಿಂದ ಖ್ಯಾತನಾದವನು, ಲೂಟಿಗೆ ಇಳಿದ ಕೆಲವರನ್ನು ಗಲ್ಲಿಗೇರಿಸಿ, ಹಲವರಿಗೆ ಛಡಿಯೇಟು ಕೊಡಿಸಿ ಶಿಸ್ತು ತಂದನು. ಜನರು ಮನೆಗಳಿಗೆ ಮರಳಿದರು, ಅಂಗಡಿಗಳು ತೆರೆದವು. ಕಂಪನಿ ಸರ್ಕಾರದ ಅಡಿಯಲ್ಲಿ ಶ್ರೀರಂಗಪಟ್ಟಣದ ಪೌರಾಡಳಿತ ಆರಂಭವಾದದ್ದು ಹೀಗೆ, ಒಬ್ಬ ಸೇನಾಧಿಕಾರಿಯ ಅಪ್ಪಣೆಯಿಂದ.

ಅದೇ ವರ್ಷದ ಒಪ್ಪಂದದಂತೆ ಮೈಸೂರು ರಾಜ್ಯವು ಒಡೆಯರ ವಂಶಕ್ಕೆ ಮರಳಿದರೂ ದ್ವೀಪವನ್ನು ಕಂಪನಿ ತನ್ನದಾಗಿಸಿಕೊಂಡಿತು. ರಾಜಧಾನಿ ಮೈಸೂರಿಗೆ ಹೋಯಿತು. ಮರುವರ್ಷ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್, ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಅಂದಾಜು ಮಾಡಿದನು. ಅವನು ಬಂದಾಗ ಉಳಿದಿದ್ದವರು ಸುಮಾರು 32 ಸಾವಿರ. ಒಂದೇ ವರ್ಷದಲ್ಲಿ ಐದರಲ್ಲಿ ನಾಲ್ಕು ಪಾಲು ಗಿರಾಕಿಗಳು ಇಲ್ಲವಾದ ಮಾರುಕಟ್ಟೆಯ ಸ್ಥಿತಿಯನ್ನು ಬೇರೆ ವಿವರಿಸಬೇಕಾಗಿಲ್ಲ. ಹಾಗಿದ್ದರೂ ಯುದ್ಧದಲ್ಲಿ ನಾಶವಾಗಿದ್ದ ಗಂಜಾಂ ಪೇಟೆ ಆಗ ಮತ್ತೆ ಮೇಲೇಳುತ್ತಿತ್ತು. ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಲ್ಲಿನ ಕಂಬಗಳ ಮೇಲೆ ಸೇತುವೆಯನ್ನು ಕಟ್ಟಿಸಿ, ಅದಕ್ಕೆ ಆಗಿನ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು. ದೊಡ್ಡ ಪಾಳೆಯವೊಂದು ಇರುವವರೆಗೆ ಧಾನ್ಯ, ಬಟ್ಟೆ, ಚರ್ಮ, ಮದ್ಯದ ವ್ಯಾಪಾರಕ್ಕೆ ಕೊರತೆ ಇರಲಿಲ್ಲ.

ಬಾಡಿಗೆಯ ಊರು

ಪಾಳೆಯವೂ ಉಳಿಯಲಿಲ್ಲ. ದ್ವೀಪದ ಜ್ವರ ಸೈನಿಕರನ್ನು ಬಲಿ ತೆಗೆದುಕೊಳ್ಳುತ್ತಿದ್ದ ಕಾರಣ 1811ರಲ್ಲಿ ಸೇನಾ ಕೇಂದ್ರವನ್ನು ಬೆಂಗಳೂರಿಗೆ ಸ್ಥಳಾಂತರಿಸಲಾಯಿತು. ಕಂಪನಿಗೆ ದ್ವೀಪದಿಂದ ನೇರ ಉಪಯೋಗವೇನೂ ಉಳಿಯಲಿಲ್ಲ. ಆದರೂ ಅದನ್ನು ಬಿಟ್ಟುಕೊಡುವ ಬದಲು ವರ್ಷಕ್ಕೆ 50,000 ರೂಪಾಯಿ ಬಾಡಿಗೆಗೆ ಮೈಸೂರು ಸರ್ಕಾರಕ್ಕೆ ಕೊಟ್ಟಿತು.

ಅಲ್ಲಿಂದ 1881ರವರೆಗೆ ಶ್ರೀರಂಗಪಟ್ಟಣ ಒಂದು ಬಾಡಿಗೆಯ ಊರು. ಒಡೆಯ ಬೇರೆ, ಆಡಳಿತ ನಡೆಸುವವನು ಬೇರೆ. ಬಾಡಿಗೆ ಮನೆಗೆ ಯಾರೂ ಮಾಳಿಗೆ ಕಟ್ಟಿಸುವುದಿಲ್ಲ ಎಂಬುದು ವ್ಯವಹಾರಸ್ಥರಿಗೆ ತಿಳಿದ ಮಾತು. ಪಟ್ಟಣದ ಅವನತಿಗೆ ಜ್ವರವನ್ನೇ ಕಾರಣವಾಗಿ ಹೇಳುವುದು ವಾಡಿಕೆ. ಜ್ವರ ನಿಜ, ಆದರೆ ಜ್ವರದ ಊರಿನಲ್ಲಿ ಚರಂಡಿ ತೋಡಿಸಿ ನೀರು ಹರಿಸಬೇಕಾದ ಜವಾಬ್ದಾರಿ ಯಾರದೆಂಬ ಪ್ರಶ್ನೆಗೆ ಎಪ್ಪತ್ತು ವರ್ಷ ಸ್ಪಷ್ಟ ಉತ್ತರ ಇರಲಿಲ್ಲವೆಂಬುದೂ ಅಷ್ಟೇ ನಿಜ.

ಬಂಡವಾಳ ಈ ಭಾಗವನ್ನು ಪೂರ್ತಿಯಾಗಿ ತೊರೆದಿತ್ತೆಂದಲ್ಲ. 1847ರಲ್ಲಿ ಸಮೀಪದ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. ಅದು ರೈತರಿಂದ ಬೆಲ್ಲವನ್ನು ಕೊಂಡು ಶುದ್ಧೀಕರಿಸಿ ಸಕ್ಕರೆ ಮಾಡುತ್ತಿತ್ತು. 1851ರ ಲಂಡನ್ ಮಹಾ ವಸ್ತುಪ್ರದರ್ಶನದಲ್ಲಿ ಅದರ ಸಕ್ಕರೆಗೆ ಪದಕ ದೊರೆಯಿತು. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ತಲೆಯೆತ್ತುವುದಕ್ಕೆ ಎಂಟು ದಶಕಗಳ ಮೊದಲೇ ಕಾವೇರಿ ದಡದ ಸಕ್ಕರೆ ಲಂಡನ್ನಿನಲ್ಲಿ ಹೆಸರು ಮಾಡಿತ್ತು. ಗಮನಿಸಬೇಕಾದ ಸಂಗತಿಯೆಂದರೆ ಈ ಉದ್ಯಮ ಬಂದದ್ದು ಪಟ್ಟಣಕ್ಕಲ್ಲ, ಹಳ್ಳಿಗೆ.

ಸೇನೆಯ ಹೆಜ್ಜೆಗುರುತು ನೆರೆಯಲ್ಲಿಯೂ ಇದೆ. ಹೈದರ್ ಮತ್ತು ಟಿಪ್ಪುವಿನ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಹಿರೋಡೆಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಅಂಟಿಕೊಂಡಿತು. ಬ್ರಿಟಿಷರೂ ಅಲ್ಲಿ ಪಡೆಯನ್ನು ಇಟ್ಟಿದ್ದರು. ಸ್ವಾತಂತ್ರ್ಯಾನಂತರ ಆ ಊರು ಪಾಂಡವಪುರವಾಯಿತು. ಕೃಷ್ಣರಾಜಪೇಟೆ ಮೊದಲು ಅತ್ತಿಗುಪ್ಪೆ. ಹೆಸರು ಬದಲಾದದ್ದು ಅರಸು ಮನೆತನದ ಗೌರವಾರ್ಥ. ನಾಗಮಂಗಲವು 1792ರ ಯುದ್ಧದಲ್ಲಿ ಮರಾಠರ ಸೇನೆಯಿಂದ ಹಾಳಾದರೂ ಅದರ ಹಿತ್ತಾಳೆ ಕೆಲಸದವರು ಕಸುಬನ್ನು ಬಿಡಲಿಲ್ಲ. ಈ ಊರುಗಳು ದೊಡ್ಡ ಸ್ಥಾನವನ್ನು ಕಳೆದುಕೊಳ್ಳಲಿಲ್ಲ, ಏಕೆಂದರೆ ಅಷ್ಟು ದೊಡ್ಡ ಸ್ಥಾನ ಅವುಗಳಿಗೆ ಇರಲೇ ಇಲ್ಲ.

ದಂಡಿನ ನಗರಸಭೆ

ಇತ್ತ ಬೆಂಗಳೂರಿನಲ್ಲಿ ಹಲಸೂರಿನ ಆಸುಪಾಸಿನಲ್ಲಿ ನೆಲೆಯೂರಿದ ದಂಡು ಬಹುಬೇಗ ಪೇಟೆಯಾಯಿತು. ಸೇನೆಗೆ ಸರಕು ಒದಗಿಸುವ ಗುತ್ತಿಗೆದಾರರು, ದರ್ಜಿಗಳು, ಬಡಗಿಗಳು, ಬಟ್ಟೆಯ ವರ್ತಕರು ಮದರಾಸು ಪ್ರಾಂತ್ಯದಿಂದ ಬಂದು ನೆಲೆಸಿದರು. 1850ರ 26ನೆಯ ಕಾಯಿದೆಯಡಿ 1862ರಲ್ಲಿ ಬೆಂಗಳೂರು ನಗರಕ್ಕೆ ಒಂದು, ದಂಡಿಗೆ ಒಂದು, ಹೀಗೆ ಎರಡು ಪ್ರತ್ಯೇಕ ಪುರಸಭಾ ಮಂಡಲಿಗಳು ರಚನೆಯಾದವು. 1864ರಲ್ಲಿ ಜೋಲಾರಪೇಟೆಯಿಂದ ಬಂದ ರೈಲು ನಿಂತದ್ದು ದಂಡಿನ ನಿಲ್ದಾಣದಲ್ಲಿ.

1881ರ ನಂತರ ಎರಡರ ನಡುವೆ ಕಾನೂನಿನ ಗೋಡೆಯೇ ಎದ್ದಿತು. ನಗರ ಮಹಾರಾಜರದು, ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂದು ಹೆಸರಾದ ದಂಡು ಬ್ರಿಟಿಷ್ ರೆಸಿಡೆಂಟರದು. ನ್ಯಾಯಾಲಯ ಬೇರೆ, ಪೊಲೀಸು ಬೇರೆ, ನಗರಸಭೆ ಬೇರೆ. ಇಂದು ಆಟೋರಿಕ್ಷಾದಲ್ಲಿ ಅರ್ಧ ಗಂಟೆಯಲ್ಲಿ ದಾಟುವಷ್ಟು ದೂರದೊಳಗೆ ಎರಡು ಸರ್ಕಾರಗಳು.

ದಂಡಿನ ನಗರಸಭೆ ಕೆಲಸವನ್ನು ಚೆನ್ನಾಗಿಯೇ ಮಾಡಿತೆಂದು ಒಪ್ಪಬೇಕು. 1898ರ ಪ್ಲೇಗಿನ ನಂತರ ಇಕ್ಕಟ್ಟಿನ ಕೇರಿಗಳಿಂದ ಜನರನ್ನು ಹೊರತರಲು ಫ್ರೇಜರ್ ಟೌನ್‌ನಂಥ ಬಡಾವಣೆಗಳನ್ನು ನಿರ್ಮಿಸಿತು. ಶಿವಾಜಿನಗರದಲ್ಲಿ 1927ರಲ್ಲಿ ಎದ್ದ ರಸೆಲ್ ಮಾರುಕಟ್ಟೆ ಅಲ್ಲಿನ ಪೌರಾಧಿಕಾರಿಯೊಬ್ಬರ ಹೆಸರನ್ನು ಇಂದಿಗೂ ಹೊತ್ತಿದೆ. ಸೌಕರ್ಯ ಮಾತ್ರ ದಾತರ ಇಷ್ಟದಂತೆ. ನಗರಸಭೆಯಲ್ಲಿ ಚುನಾಯಿತರಿಗೆ ಸ್ವಲ್ಪ ಸ್ಥಾನವಿದ್ದರೂ ಅಂತಿಮ ಅಧಿಕಾರ ರೆಸಿಡೆನ್ಸಿಯದು.

ಇಲ್ಲಿ ಒಂದು ವಿಪರ್ಯಾಸವಿದೆ. ದಿವಾನ್ ರಂಗಾಚಾರ್ಲು ಅವರು 1881ರ ಅಕ್ಟೋಬರಿನಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿಗೆ ಕರೆದರು. ಪ್ರತಿ ತಾಲ್ಲೂಕಿನಿಂದ ಒಬ್ಬರು ಅಥವಾ ಇಬ್ಬರು ಭೂಹಿಡುವಳಿದಾರರು ಹಾಗೂ ಪ್ರತಿ ಜಿಲ್ಲೆಯಿಂದ ಮೂರು ನಾಲ್ಕು ಪ್ರಮುಖ ವರ್ತಕರು ಎಂಬುದು ಆಗಿನ ಏರ್ಪಾಡು. 144 ಪ್ರತಿನಿಧಿಗಳು ಸೇರಿದ್ದರು. ಅದು ಸಲಹಾ ಸಭೆ ಮಾತ್ರ, ಮತದಾನವಿರಲಿಲ್ಲ. ಆದರೂ ತೆರಿಗೆ, ರಸ್ತೆ, ಸುಂಕಗಳ ಬಗೆಗೆ ದಿವಾನರ ಮುಂದೆ ಬಾಯಿಬಿಟ್ಟು ಹೇಳಬಹುದಾಗಿತ್ತು. ಸಂಸ್ಥಾನಕ್ಕೆ ಅದೇ ವರ್ಷ ಸೇರಿದ ಬಡ ಶ್ರೀರಂಗಪಟ್ಟಣದ ಪಾಲಿಗೆ ಈ ಬಾಗಿಲು ತೆರೆಯಿತು. ಅದಕ್ಕಿಂತ ಹತ್ತು ಪಾಲು ದೊಡ್ಡದಾಗಿ ಬೆಳೆಯುತ್ತಿದ್ದ ದಂಡಿನ ವರ್ತಕರಿಗೆ ಸಂಸ್ಥಾನದ ಸಭೆಯಲ್ಲಿ ಆಸನವಿರಲಿಲ್ಲ.

1947ರ ಜುಲೈಯಲ್ಲಿ ದಂಡು ಮೈಸೂರಿಗೆ ಮರಳಿತು. 1949ರ ಡಿಸೆಂಬರಿನಲ್ಲಿ ಎರಡೂ ನಗರಸಭೆಗಳು ವಿಲೀನಗೊಂಡು ಬೆಂಗಳೂರು ನಗರಪಾಲಿಕೆ ಹುಟ್ಟಿತು. 2007ರಲ್ಲಿ ಅದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಗಿ ಬೆಳೆಯಿತು. 2025ರಲ್ಲಿ ಐದು ಪಾಲಿಕೆಗಳಾಗಿ ಒಡೆಯಿತು. ಕೂಡಿಸುವುದೋ ಒಡೆಯುವುದೋ ಎಂಬ ಚರ್ಚೆ ಬೆಂಗಳೂರಿಗೆ ಹೊಸದಲ್ಲ.

ಮರಳಿ ಬಂದ ದ್ವೀಪ

ಮರಳಿ ಬಂದ ಶ್ರೀರಂಗಪಟ್ಟಣಕ್ಕೆ ಮಹಾರಾಜರ ಸರ್ಕಾರದಲ್ಲಿಯೂ ದೊಡ್ಡ ಸ್ಥಾನ ಸಿಗಲಿಲ್ಲ. 1882ರಲ್ಲಿ ಮೈಸೂರು ತಲುಪಿದ ರೈಲು ಮಾರ್ಗವು ಕೋಟೆಯ ಗೋಡೆಯನ್ನೇ ಸೀಳಿಕೊಂಡು ಹೋಯಿತು. ರೈಲು ಬಂದರೆ ವ್ಯಾಪಾರ ಬರುತ್ತದೆಂಬ ನಂಬಿಕೆ ಎಲ್ಲೆಡೆ ಇತ್ತು. ಇಲ್ಲಿ ಅದು ಹದಿನೈದು ಕಿಲೋಮೀಟರ್ ಆಚೆಯ ಮೈಸೂರಿಗೆ ಗಿರಾಕಿಗಳನ್ನು ಇನ್ನೂ ಬೇಗ ಮುಟ್ಟಿಸಿತು. ಕನ್ನಂಬಾಡಿ ಅಣೆಕಟ್ಟೆಯ ನೀರು ನಾಲೆಗಳಲ್ಲಿ ಹರಿದ ಮೇಲೆ ಮಂಡ್ಯ ಬೆಳೆಯಿತು. 1939ರಲ್ಲಿ ಮೈಸೂರು ಜಿಲ್ಲೆಯನ್ನು ವಿಭಜಿಸಿ ಹೊಸ ಜಿಲ್ಲೆ ಮಾಡಿದಾಗ ಕೇಂದ್ರವಾದದ್ದು ಮಂಡ್ಯ. ಹಳೆಯ ರಾಜಧಾನಿ ತಾಲ್ಲೂಕು ಕೇಂದ್ರವಾಗಿಯೇ ಉಳಿಯಿತು. ಗಂಜಾಂ ಪ್ರತ್ಯೇಕ ಪೇಟೆಯೆಂಬ ಗುರುತನ್ನು ಕಳೆದುಕೊಂಡು ಪುರಸಭೆಯ ವ್ಯಾಪ್ತಿಯೊಳಗಿನ ಒಂದು ಬಡಾವಣೆಯಾಯಿತು. ಅದರ ಅಂಜೂರದ ಹೆಸರು ಮಾತ್ರ ಊರಿಗಿಂತ ದೂರ ಹೋಗಿದೆ.

ಸ್ಥಳೀಯ ಸಂಸ್ಥೆಗಳ ಕೈಯಲ್ಲಿದ್ದ ದೊಡ್ಡ ಆದಾಯವೆಂದರೆ ಆಕ್ಟ್ರಾಯ್. ಊರಿನ ಗಡಿಯಲ್ಲಿ ಗಾಡಿ ನಿಲ್ಲಿಸಿ ವಸೂಲಿ ಮಾಡುತ್ತಿದ್ದ ಈ ಸುಂಕವನ್ನು ಕರ್ನಾಟಕ 1979ರಲ್ಲಿ ರದ್ದುಪಡಿಸಿ ಪ್ರವೇಶ ತೆರಿಗೆಯನ್ನು ತಂದಿತು. ಅದೂ 2017ರಲ್ಲಿ ಸರಕು ಮತ್ತು ಸೇವಾ ತೆರಿಗೆಯಲ್ಲಿ ಲೀನವಾಯಿತು. ನಾಕೆಗಳ ಕಿರುಕುಳ ತಪ್ಪಿದ್ದಕ್ಕೆ ವರ್ತಕರು ಸಂತೋಷಪಟ್ಟರು, ಅದು ನ್ಯಾಯವೂ ಹೌದು. ಆದರೆ ತಮ್ಮ ಊರಿನ ವ್ಯಾಪಾರ ಹೆಚ್ಚಿದರೆ ತಮ್ಮ ಪುರಸಭೆಯ ಬೊಕ್ಕಸವೂ ನೇರವಾಗಿ ತುಂಬುತ್ತದೆ ಎಂಬ ಸಂಬಂಧ ಅಲ್ಲಿಗೆ ಕಡಿಯಿತು. ಆಸ್ತಿ ತೆರಿಗೆ, ನೀರಿನ ಕರ, ಪರವಾನಗಿ ಶುಲ್ಕ ಹಾಗೂ ಮಳಿಗೆಗಳ ಬಾಡಿಗೆಯನ್ನು ಬಿಟ್ಟರೆ ಉಳಿದದ್ದಕ್ಕೆ ಸರ್ಕಾರದ ಅನುದಾನವನ್ನೇ ಕಾಯಬೇಕು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ನಗರ ಸಂಸ್ಥೆಗಳಿಗೆ ನಿಯತ ಚುನಾವಣೆಯನ್ನೂ ಮೀಸಲಾತಿಯನ್ನೂ ಒದಗಿಸಿತು. ಹಣದ ಮೂಲವನ್ನು ಅದೇ ಪ್ರಮಾಣದಲ್ಲಿ ಒದಗಿಸಲಿಲ್ಲ.

ಶ್ರೀರಂಗಪಟ್ಟಣ ಪುರಸಭೆಗೆ ಇನ್ನೊಂದು ವಿಶೇಷ ತೊಡಕಿದೆ. ಊರೇ ಸ್ಮಾರಕ. ಕೋಟೆ, ದೇವಾಲಯ, ಜಾಮಿಯಾ ಮಸೀದಿ, 1784ರಲ್ಲಿ ಕಟ್ಟಿದ ದರಿಯಾ ದೌಲತ್ ಮೊದಲಾದವು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ. 2010ರಲ್ಲಿ ತಿದ್ದುಪಡಿಯಾದ ಕಾಯಿದೆಯಂತೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು. 2014ರಿಂದ ದ್ವೀಪದ ಸ್ಮಾರಕಗಳು ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿಯೂ ಇವೆ. ಈ ರಕ್ಷಣೆ ಇಲ್ಲದಿದ್ದರೆ ಕೋಟೆಯ ಕಲ್ಲುಗಳು ಯಾವ ಯಾವ ಮನೆಗಳ ಅಡಿಪಾಯ ಸೇರುತ್ತಿದ್ದವೋ ಹೇಳಲಾಗದು. ಜೋಡಿ ರೈಲು ಮಾರ್ಗಕ್ಕೆ ಅಡ್ಡವಾಗಿದ್ದ ಟಿಪ್ಪುವಿನ ಕಾಲದ ಶಸ್ತ್ರಾಗಾರವನ್ನು 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿ ಉಳಿಸಲಾಯಿತು. ರೈಲ್ವೆಗೆ ಸಾಧ್ಯವಾದ ಇಂಥ ವೆಚ್ಚ ಅಂಗಡಿಯ ಹಿಂದೆ ಒಂದು ಗೋದಾಮು ಕಟ್ಟಬೇಕೆನ್ನುವ ಸಣ್ಣ ವರ್ತಕನಿಗೆ ಸಾಧ್ಯವಿಲ್ಲ. ಅವನು ತೆರಿಗೆ ಕಟ್ಟುವುದು ಪುರಸಭೆಗೆ, ಅನುಮತಿಗೆ ಕೈಚಾಚುವುದು ಕೇಂದ್ರ ಕಾಯಿದೆಯಡಿಯ ಪ್ರಾಧಿಕಾರಕ್ಕೆ.

2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುತ್ತದೆ. ದಾರಿಯಲ್ಲಿ ಕಾಫಿಗೆ ನಿಲ್ಲುತ್ತಿದ್ದ ವಾಹನಗಳು ಈಗ ಬೈಪಾಸ್ ಹಿಡಿಯುತ್ತವೆ. ರಂಗನಾಥನಿಗೆ, ಗಂಜಾಂನ ನಿಮಿಷಾಂಬೆಗೆ, ಸಂಗಮಕ್ಕೆ ಎಂದೇ ಬರುವವರು ಮಾತ್ರ ಹಳೆಯ ರಸ್ತೆಗೆ ಇಳಿಯುತ್ತಾರೆ. ಅವರು ಹೆಚ್ಚಾಗಿ ಬರುವುದು ಶುಕ್ರವಾರ, ಭಾನುವಾರ ಮತ್ತು ಅಮಾವಾಸ್ಯೆಯಂದು. ಹೂವು, ಹಣ್ಣು, ತೆಂಗಿನಕಾಯಿಯ ಅಂಗಡಿಗಳ ವಾರದ ಲೆಕ್ಕ ಈಗ ಆ ದಿನಗಳ ಮೇಲೆಯೇ ನಿಂತಿದೆ.