ಪಾಸ್, ಟಿಕೆಟ್ ಮತ್ತು ಸೊನ್ನೆಯ ರೇಖೆ

ಬೋಧನಾಭ್ಯಾಸದ ಏಳನೇ ಪಾಠಕ್ಕೆ ನಾನು ಆರಿಸಿಕೊಂಡ ವಿಷಯ ಒಂಬತ್ತನೇ ತರಗತಿಯ ರೇಖಾತ್ಮಕ ಸಮೀಕರಣಗಳ ನಕ್ಷೆ. ಪಾಠಯೋಜನೆಯಲ್ಲಿ ಟ್ಯಾಕ್ಸಿ ಬಾಡಿಗೆಯ ಉದಾಹರಣೆ ಬರೆದಿದ್ದೆ. ತರಗತಿಯಲ್ಲಿ ‘ಟ್ಯಾಕ್ಸಿಯಲ್ಲಿ ಕೂತವರು ಯಾರು?’ ಎಂದು ಕೇಳಿದರೆ ಒಂದು ಕೈಯೂ ಮೇಲೇಳಲಿಲ್ಲ. ಅಫಜಲಪುರ ತಾಲ್ಲೂಕಿನ ಆ ಶಾಲೆಗೆ ಮಕ್ಕಳು ಬರುವುದು ಸರ್ಕಾರಿ ಬಸ್ಸಿನಲ್ಲಿ, ಅದು ತಪ್ಪಿದರೆ ಟಂಟಂನಲ್ಲಿ. ಟ್ಯಾಕ್ಸಿ ಅಳಿಸಿ ಬಸ್ಸು ಬರೆದೆ.

ಪಕ್ಕದ ಹಳ್ಳಿಯಿಂದ ಶಾಲೆಗೆ ಹೋಗಿಬರಲು ದಿನಕ್ಕೆ 30 ರೂಪಾಯಿ. ದಿನಗಳು ಎಕ್ಸ್, ಖರ್ಚು ವೈ ಎಂದರೆ ವೈ = 30 ಎಕ್ಸ್. ಮೂಲಬಿಂದುವಿನಿಂದ ಮೇಲಕ್ಕೆ ಏರುವ ರೇಖೆ. ಪ್ರೌಢಶಾಲೆಯ ಹುಡುಗರ ವಿದ್ಯಾರ್ಥಿ ಪಾಸ್ 750 ರೂಪಾಯಿ. ಎಷ್ಟು ದಿನ ಓಡಾಡಿದರೂ ಅಷ್ಟೇ. ಅದು ವೈ = 750, ಅಡ್ಡರೇಖೆ. ಎರಡೂ ಕೂಡುವುದು 25ನೇ ದಿನ. ಅಂದರೆ ಸುಮಾರು ಒಂದು ತಿಂಗಳ ಶಾಲೆಗೇ ಪಾಸಿನ ದುಡ್ಡು ಹುಟ್ಟುತ್ತದೆ, ಉಳಿದ ತಿಂಗಳೆಲ್ಲ ಲಾಭ. ಇಷ್ಟು ಹೇಳಿ ಪಾಠ ಗೆದ್ದೆ ಅಂದುಕೊಂಡೆ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. ‘ಸರ, ನಮ್ ಗೆರಿ ಎಲ್ಲಿ ಬರ್ತದ್ರಿ? ನಮಗ ಟಿಕೆಟ್ ಸೊನ್ನಿ ಅದ.’

ಶಕ್ತಿ ಯೋಜನೆಯ ಶೂನ್ಯ ಟಿಕೆಟ್! ವೈ = 0. ಅದು ಎಕ್ಸ್ ಅಕ್ಷವೇ. ಎಕ್ಸ್ ಅಕ್ಷದ ಸಮೀಕರಣ ವೈ = 0 ಎಂಬುದನ್ನು ಮನದಟ್ಟು ಮಾಡಿಸಲು ನಾನು ಹತ್ತು ನಿಮಿಷ ತೆಗೆದಿಟ್ಟಿದ್ದೆ. ಆ ಹುಡುಗಿ ಒಂದೇ ಮಾತಿನಲ್ಲಿ ಮುಗಿಸಿದಳು. ಹಿಂದಿನ ಬೆಂಚಿನಿಂದ ಇನ್ನೊಂದು ದನಿ: ‘ಪಾಸ್ ಇದ್ರ ಬಸ್ ನಿಲ್ತದಂತ ಅಲ್ರಿ ಸರ.’ ಇದಕ್ಕೆ ನನ್ನ ಬಳಿ ಸಮೀಕರಣ ಇರಲಿಲ್ಲ.

ಈ ಪಾಠದ ನಂತರ ಪ್ರಯಾಣ ನೆರವಿನ ವಿಷಯವನ್ನು ಸರಿಯಾಗಿ ತಿಳಿದುಕೊಂಡೆ. ನಮ್ಮ ಸಹಪಾಠಿಗಳಲ್ಲೂ ಹಲವರಿಗೆ ಅರ್ಧ ಮಾತ್ರ ಗೊತ್ತಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಭಾಗದಲ್ಲಿ ಬಸ್ಸು ಓಡಿಸುವುದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. 2021ಕ್ಕೆ ಮೊದಲು ಇದೇ ಈಶಾನ್ಯ ಸಾರಿಗೆ. ಕೇಂದ್ರ ಕಚೇರಿ ಕಲಬುರಗಿಯಲ್ಲಿದೆ. ರಿಯಾಯಿತಿ ಪಾಸಿಗೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಊರಲ್ಲಿ ಗ್ರಾಮ ಒನ್ ಕೇಂದ್ರದವರೂ ಹಾಕಿಕೊಡುತ್ತಾರೆ. ಈಚಿನ ವರ್ಷಗಳಲ್ಲಿ ಪದವಿಯವರಿಗೆ 1,050 ರೂಪಾಯಿ, ವೃತ್ತಿಪರ ಕೋರ್ಸಿನವರಿಗೆ 1,550 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 150 ರೂಪಾಯಿ. ಸಾಮಾನ್ಯವಾಗಿ 10 ತಿಂಗಳ ಅವಧಿ. 2025ರ ಜನವರಿ 5ರಿಂದ ಟಿಕೆಟ್ ದರ ಶೇ. 15ರಷ್ಟು ಏರಿತು. ಆ ಏರಿಕೆ ದಿನದಿನವೂ ತಟ್ಟುವುದು ಪಾಸಿಲ್ಲದವನಿಗೆ. ಪಾಸಿದ್ದವನಿಗೆ ಗೊತ್ತೂ ಆಗುವುದಿಲ್ಲ.

ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ಕರ್ನಾಟಕದ ವಿಳಾಸದ ಗುರುತಿನ ಚೀಟಿ ಇರುವ ಮಹಿಳೆಯರಿಗೆ ರಾಜ್ಯದ ಒಳಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಟಿಕೆಟ್ ಉಚಿತ; ರಾಜಹಂಸ, ಎ.ಸಿ. ಬಸ್ಸುಗಳಿಗೆ ಅನ್ವಯಿಸುವುದಿಲ್ಲ. ನಮ್ಮದು ಗಡಿ ತಾಲ್ಲೂಕು. ಅಕ್ಕಲಕೋಟ ತಾಲ್ಲೂಕಿನ ಕನ್ನಡದ ಮನೆಯ ಹುಡುಗಿ ಇತ್ತ ಓದಲು ಬಂದರೆ ಲೆಕ್ಕವೇ ಬೇರೆ. ಮಹಾರಾಷ್ಟ್ರದ ಸಾರಿಗೆ ಬಸ್ಸಿನಲ್ಲಿ 2023ರ ಮಾರ್ಚ್‌ನಿಂದ ಮಹಿಳೆಯರಿಗೆ ಅರ್ಧ ದರ, ಅದೂ ಆ ರಾಜ್ಯದ ಗಡಿಯವರೆಗೆ. ಗಡಿ ದಾಟಿದ ಮೇಲೆ ಶಕ್ತಿಗೆ ಅವಳ ಗುರುತಿನ ಚೀಟಿ ನಡೆಯುವುದಿಲ್ಲ, ಪೂರ್ತಿ ದರ. ಒಂದೇ ಪ್ರಯಾಣ, ಎರಡು ಇಳಿಜಾರಿನ ರೇಖೆ.

ವಿದ್ಯಾರ್ಥಿವೇತನದಲ್ಲಿ ಪ್ರಯಾಣಕ್ಕೆ ಎಷ್ಟು ಜಾಗ ಇದೆ ಎಂದೂ ನೋಡಿದೆ. ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ 2021ರ ಕೇಂದ್ರ ಮಾರ್ಗಸೂಚಿಯಲ್ಲಿ ಸಾಮಾನ್ಯ ಪದವಿಯ ಗುಂಪಿಗೆ ವರ್ಷದ ಭತ್ಯೆ ಹಾಸ್ಟೆಲಿನವರಿಗೆ 6,000, ಮನೆಯಿಂದ ಬರುವವರಿಗೆ 3,000. ಮನೆಯಲ್ಲಿ ಉಣ್ಣುತ್ತಾನೆ, ಖರ್ಚು ಕಡಿಮೆ ಎಂಬ ಲೆಕ್ಕವಿರಬೇಕು. ಬಸ್ಸಿನ ಖರ್ಚು ಆ ಲೆಕ್ಕದಲ್ಲಿ ಕಾಣುವುದಿಲ್ಲ.

ಈಗ ನಮ್ಮದೇ ಸಂಗತಿ. ಪಾಸಿನ ಮೇಲೆ ಮಾರ್ಗ ಬರೆದಿರುತ್ತದೆ: ಮನೆಯ ಊರಿಂದ ಕಾಲೇಜಿನ ಊರಿಗೆ. ಬಿ.ಎಸ್ಸಿ ಓದುವಾಗ ಇದರಿಂದ ನನಗೆ ಯಾವ ತೊಂದರೆಯೂ ಆಗಲಿಲ್ಲ, ದಿನವೂ ಅದೇ ದಾರಿ. ಬಿ.ಇಡಿ ಹಾಗಲ್ಲ. ಎನ್‌ಸಿಟಿಇಯ 2014ರ ನಿಯಮಾವಳಿಯ ಪ್ರಕಾರ ಎರಡು ವರ್ಷದ ಬಿ.ಇಡಿಯಲ್ಲಿ ಕನಿಷ್ಠ 20 ವಾರ ಶಾಲೆಯ ಇಂಟರ್ನ್‌ಶಿಪ್ ಇರಬೇಕು, ಅದರಲ್ಲಿ ದೊಡ್ಡ ಪಾಲು ಎರಡನೇ ವರ್ಷದ 16 ವಾರ. ನನ್ನ ಊರು ಅತನೂರಿನ ಕಡೆ, ಕಾಲೇಜು ಅಫಜಲಪುರದಲ್ಲಿ, ಹಂಚಿಕೆಯಾದ ಶಾಲೆ ಕರಜಗಿ ಕಡೆ. ಪಾಸು ಅಫಜಲಪುರ ನಿಲ್ದಾಣದಲ್ಲಿ ಮುಗಿಯುತ್ತದೆ. ಅಲ್ಲಿಂದ ಮುಂದೆ ಹೋಗಿಬರಲು ದಿನಕ್ಕೆ 50 ರೂಪಾಯಿ. ರಜೆಗಳನ್ನು ಕಳೆದು 80 ದಿನ ಹಿಡಿದರೂ 4,000 ರೂಪಾಯಿ. ವರ್ಷದ ಪಾಸಿಗಿಂತ ಎರಡೂವರೆ ಪಟ್ಟು. ನಮ್ಮ ತಂಡದ ಸಹಪಾಠಿನಿಯರಿಗೆ ಈ ಚಿಂತೆ ಇರಲಿಲ್ಲ. ಶಕ್ತಿಗೆ ಮಾರ್ಗದ ಹಂಗಿಲ್ಲ. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅವರಲ್ಲಿ ಇಬ್ಬರು ಟಿಕೆಟ್ ಉಚಿತವಾದದ್ದರಿಂದಲೇ ಮನೆಯವರನ್ನು ಒಪ್ಪಿಸಿ ಬಿ.ಇಡಿಗೆ ಸೇರಿದ್ದೆಂದು ಹೇಳುತ್ತಾರೆ.

ಶಾಲೆ ಹಂಚುವಾಗ ಬೋಧನಾ ವಿಷಯ, ಮಾಧ್ಯಮ, ತರಗತಿಗಳ ಸಂಖ್ಯೆ ಎಲ್ಲವನ್ನೂ ನೋಡುತ್ತಾರೆ. ಪ್ರಶಿಕ್ಷಣಾರ್ಥಿಗಳಿಂದ ತುಂಬಿಸಿಕೊಳ್ಳುವ ನಮೂನೆಯಲ್ಲಿ ‘ಪಾಸಿನ ಮಾರ್ಗ’ ಎಂಬ ಒಂದು ಕಾಲಂ ಸೇರಿದರೆ ಪಾಸುಳ್ಳ ಹುಡುಗರಿಗೆ ಅದೇ ದಾರಿಯ ಶಾಲೆ ಸಿಗಬಹುದು. ಎಲ್ಲರಿಗೂ ಆಗದು, ಒಪ್ಪುತ್ತೇನೆ. ನಾಲ್ವರಿಗಾದರೂ ನಾಲ್ಕು ಸಾವಿರ ಉಳಿದರೆ ಒಂದು ಕಾಲಮಿನ ಶ್ರಮ ದೊಡ್ಡದಲ್ಲ.

ಮತ್ತೆ ಆ ತರಗತಿಗೆ ಬರುತ್ತೇನೆ. 25ನೇ ದಿನದ ಲೆಕ್ಕ ಎಲ್ಲರಿಗಿಂತ ಬೇಗ ಬಿಡಿಸಿದ ಹುಡುಗ ತಾನೇ ಪಾಸ್ ಮಾಡಿಸಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಆಗಸ್ಟ್ ಕೊನೆಗೆ ಅವನ ಹಾಜರಿ 48 ದಿನ. 30ರಿಂದ ಗುಣಿಸಿದರೆ 1,440 ರೂಪಾಯಿ, ಪಾಸಿನ ಸರಿಸುಮಾರು ಎರಡರಷ್ಟು. ಗೈರಾದ ದಿನಗಳೂ ಕಡಿಮೆ ಇರಲಿಲ್ಲ. ಲೆಕ್ಕ ಬಲ್ಲವನು ಹೀಗೇಕೆ ಮಾಡಿದ? ಪಾಲಕರ ಸಭೆಗೆ ಬಂದಿದ್ದ ಅವನ ತಾಯಿಯನ್ನು ಕೇಳಿದೆ.

‘ಮಾಸ್ತರ, ಜೂನ್‌ದಾಗ ಹೆಸರು, ತೊಗರಿ ಬೀಜಕ್ಕ ರೊಕ್ಕ ಬೇಕಲ್ರಿ. ಒಮ್ಮೆಲೆ ಏಳ್ನೂರೈವತ್ತು ಎಲ್ಲಿಂದ ತರಬೇಕ್ರಿ? ಮೂವತ್ತು ಅಂದ್ರ ಹೆಂಗೋ ಕೊಡ್ತೀವ್ರಿ. ಇಲ್ದ ದಿನ ಮನ್ಯಾಗ ಇರ್ತಾನ.’

ನನ್ನ ನಕ್ಷೆಯಲ್ಲಿ ವೈ = 750 ರೇಖೆ ಮೊದಲ ದಿನದಿಂದಲೇ ಶುರುವಾಗಿತ್ತು. ಮೊದಲ ದಿನವೇ ಕೈಯಲ್ಲಿ 750 ಇರಬೇಕು ಎಂಬುದು ಆ ರೇಖೆಯಲ್ಲೇ ಇತ್ತು, ನಾನು ಓದಿರಲಿಲ್ಲ. ಪಾಸಿನ ಶುಲ್ಕವನ್ನು ಎರಡು ಕಂತಿನಲ್ಲಿ ತೆಗೆದುಕೊಂಡರೆ ಇಂಥ ಮನೆಗಳಿಗೆ ದರ ಇಳಿಸಿದ್ದಕ್ಕಿಂತ ಹೆಚ್ಚು ಅನುಕೂಲವಾದೀತು ಎಂಬುದು ನನ್ನ ಅನಿಸಿಕೆ. ಮರುದಿನ ತರಗತಿಯಲ್ಲಿ ಅದೇ ನಕ್ಷೆಯನ್ನು ಮತ್ತೆ ಬರೆಸಿದೆ. ಈ ಬಾರಿ ಪ್ರತಿ ರೇಖೆ ವೈ ಅಕ್ಷವನ್ನು ಎಲ್ಲಿ ಮುಟ್ಟುತ್ತದೆ, ಅದರ ಅರ್ಥವೇನು ಎಂದು ಕೇಳಿದೆ. ಮೇಲ್ವಿಚಾರಕರು ವೀಕ್ಷಣಾ ಪುಸ್ತಕದಲ್ಲಿ ‘ಒಂದೇ ಉದಾಹರಣೆಗೆ ಎರಡು ಅವಧಿ’ ಎಂದು ಬರೆದರು. ನಿಜ, ಘಟಕ ಒಂದು ದಿನ ಹಿಂದೆ ಬಿತ್ತು.

ಸೆಪ್ಟೆಂಬರ್‌ನಲ್ಲಿ ಹೆಸರು ಮಾರಿದ ಮೇಲೆ ಆ ಹುಡುಗ ಪಾಸ್ ಮಾಡಿಸಿದ. ತೋರಿಸಲೆಂದೇ ಬಸ್ಸಿನಲ್ಲಿ ನನ್ನ ಸೀಟಿನ ತನಕ ಬಂದಿದ್ದ. ನನ್ನ ಇಂಟರ್ನ್‌ಶಿಪ್ ಮುಗಿಯಲು ಇನ್ನೂ ಮೂರು ವಾರವಿತ್ತು. ಕಂಡಕ್ಟರ್ ಅವನ ಪಾಸ್ ನೋಡಿ, ನನ್ನ ಕಡೆ ತಿರುಗಿ ಟಿಕೆಟ್ ಹರಿದರು.